ಕೊಬ್ಬಿಳಿಸುವ ಮಾತ್ರೆ

ಇಲಿಗಳಿಗೂ ಮನಸ್ಸು ಕುಗ್ಗುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಸೋಮನಹಳ್ಳಿ ಹತ್ತಿರದ ನಮ್ಮ ಫಾರ್ಮಸಿ ಕಾಲೇಜಿನಲ್ಲಿ ಮಾತ್ರ ಅದನ್ನು ಅಳೆಯುತ್ತಾರೆ. ಗಾಜಿನ ಜಾಡಿಗೆ ನೀರು ತುಂಬಿ ಇಲಿಯನ್ನು ಬಿಡುತ್ತಾರೆ. ಮೊದಲ ದಿನ ಕಾಲು ಗಂಟೆ ಈಜಿಸಿ ಸುಸ್ತು ಮಾಡುತ್ತಾರೆ. ಆಮೇಲೆ ಔಷಧ ಕೊಟ್ಟು ಮರುದಿನ ಮತ್ತೆ ಬಿಡುತ್ತಾರೆ. ಕೈಚೆಲ್ಲಿ ತೇಲಿದ ಇಲಿಗೆ ಖಿನ್ನತೆ, ಈಜುತ್ತಲೇ ಇದ್ದರೆ ಔಷಧ ಗೆದ್ದಂತೆ. ನಾನು ಅಲ್ಲಿ ಲ್ಯಾಬ್ ಅಸಿಸ್ಟೆಂಟ್. ಸಂಬಳದವನು, ತಕರಾರು ಎತ್ತುವಂತಿಲ್ಲ.

ಆ ಇಲಿಗಳನ್ನು ಸಾಕುವವನು ಕಿರುಗಾವಲಿನ ಕೆಂಪಸಿದ್ದಯ್ಯ. ವಯಸ್ಸಿನಲ್ಲಿದ್ದಾಗ ಊರ ಸುತ್ತಲ ನಾಲೆಗೆ ಯಾರು ಬಿದ್ದರೂ ಇವನಿಗೇ ಕರೆ. ಎಮ್ಮೆಯಾದರೂ ಸರಿ, ಸ್ಕೂಟರ್ ಸಮೇತ ಬಿದ್ದ ಮನುಷ್ಯನಾದರೂ ಸರಿ. ನೀರಿನಲ್ಲಿ ಕೈಕಾಲು ಆಡುವುದು ನಿಂತದ್ದು ಕಂಡರೆ, ಪೊಲೀಸರು ಬರಲಿ ಎಂದು ದಡದಲ್ಲಿ ನಿಂತವನಲ್ಲ.

ಅವನ ಹೆಂಡತಿ ಮೀನಾಕ್ಷಮ್ಮ ಒಂದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದವಳು ದಿನಗಟ್ಟಲೆ ಏಳಲೇ ಇಲ್ಲ. ಹೇಳಿಕೊಳ್ಳುವಂಥದ್ದೇನೂ ನಡೆದಿರಲಿಲ್ಲ. ಊರಿಗೆ ಅರ್ಥವಾಗದ್ದು ಅದೇ. ದೆವ್ವ ಎಂದವರುಂಟು, ಸೋಮಾರಿತನ ಎಂದವರೂ ಉಂಟು. ಮಂಡ್ಯದ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟು, ನಿಲ್ಲಿಸಬೇಡಿ ಎಂದರು. ಕೆಲವು ವಾರಕ್ಕೆ ಎದ್ದು ತಲೆ ಬಾಚಿಕೊಂಡಳು, ಅವರೆಕಾಯಿ ಸುಲಿದಳು. ಆದರೆ ಊರು ಸುಮ್ಮನಿರಬೇಕಲ್ಲ. ತಲೆ ಕೆಟ್ಟವರ ಮಾತ್ರೆ ನುಂಗುತ್ತಾಳೆ ಎಂದು ಮಾತು ಹಬ್ಬಿತು. ಮಗಳು ಹೇಮಶ್ರೀಯನ್ನು ನೋಡಲು ಬರಬೇಕಿದ್ದವರು ಬರಲಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿ ಸಂಶೋಧನೆ ಮಾಡುವ ದೀಪಿಕ, ಕೊಲೆಸ್ಟರಾಲ್ ಇಳಿಸುವ ಮಾತ್ರೆ ಖಿನ್ನತೆಗೂ ಆದೀತೇ ಎಂದು ಪರೀಕ್ಷೆ ನಡೆಸಿದ್ದಳು. ಮಾತ್ರೆ ತಿಂದ ಇಲಿಗಳು ಬಿಡದೆ ಈಜಿದವು. ತಿನ್ನದವು ತೇಲಿದವು. ಅವಳ ಗೈಡು ಸ್ವೀಟು ಹಂಚಿದರು. ದೀಪಿಕ ಖುಷಿಯಲ್ಲಿ ಕೆಂಪಸಿದ್ದಯ್ಯನಿಗೂ ಬಿಡಿಸಿ ಹೇಳಿದಳು. ಇಲಿಗೆ ಆದದ್ದು ಮನುಷ್ಯರಿಗೂ ಆಗಬೇಕೆಂದಿಲ್ಲ ಎಂಬ ಒಂದು ಮಾತು ಅವಳಿಗೆ ಹೊಳೆಯಲಿಲ್ಲ. ಗೈಡಿಗಂತೂ ಅದು ಬೇಕಿರಲಿಲ್ಲ.

ಕೊಬ್ಬಿನ ಮಾತ್ರೆಗೆ ಊರಲ್ಲಿ ಮರ್ಯಾದೆಯಿದೆ. ದೊಡ್ಡ ಮನೆಯವರೆಲ್ಲ ಹೇಳಿಕೊಂಡೇ ನುಂಗುತ್ತಾರೆ. ಕೆಂಪಸಿದ್ದಯ್ಯ ಮಳವಳ್ಳಿಯಲ್ಲಿ ಅದನ್ನೇ ಕೊಂಡು ತಂದ. ಡಾಕ್ಟರು ಬದಲಾಯಿಸಿದ್ದಾರೆ ಎಂದು ಹೆಂಡತಿಗೆ ಸುಳ್ಳು ಹೇಳಿ, ಮಂಡ್ಯದ ಮಾತ್ರೆಯನ್ನು ತಿಪ್ಪೆಗೆ ಎಸೆದ. ಅವಳು ಮತ್ತೆ ಗೋಡೆ ಕಡೆ ತಿರುಗಿದಳು. ಊಟ ಬಿಟ್ಟಳು, ಮಾತೂ ಬಿಟ್ಟಳು. ಇಲಿಗಳು ಈಜಿದ್ದನ್ನು ಕಣ್ಣಾರೆ ಕಂಡಿದ್ದವನು, ಇವತ್ತಲ್ಲ ನಾಳೆ ಎಂದು ಕಾದ.

ದೀಪಿಕ ಪ್ರಯೋಗವನ್ನು ಇನ್ನೊಮ್ಮೆ ಮಾಡಿದಳು. ಈ ಸಲ ಊಟಕ್ಕೂ ಏಳದೆ ತಾನೇ ಕೂತಿದ್ದಳು. ಮಾತ್ರೆ ತಿಂದ ಇಲಿಗಳೂ ತೇಲಿದವು. ಗಾಬರಿಯಾಗಿ, ಹಿಂದಿನ ಸಲ ಏನಾಗಿತ್ತು ಎಂದು ಕೆಂಪಸಿದ್ದಯ್ಯನನ್ನು ವಿಚಾರಿಸಿದಳು. ಅವನು ಮುಚ್ಚಿಡಲಿಲ್ಲ.

"ಮೊದ್ಲ ದಿನ ನೀವು ಉಣ್ಣಕ್ಕೋಗಿದ್ರಿ ಕಣವ್ವ. ಅವು ಕಾಲಾಡ್ಸದ್ನ ಬುಟ್ಬುಟ್ಟೊ. ನೋಡ್ಕಂಡು ಎಂಗಿರ್ಲಿ? ಎತ್ತಿ ಒರ್ಸಿ ಗೂಡಿಗಾಕ್ದೆ."

ಆ ದಿನ ಬೆಳಗ್ಗೆ ಬಿಟ್ಟ, ಮಾತ್ರೆ ಕೊಡದ ಗುಂಪಿನ ಇಲಿಗಳು ದೀಪಿಕಳ ಕಣ್ಣೆದುರು ಕಾಲು ಗಂಟೆ ಪೂರ್ತಿ ಒದ್ದಾಡಿದ್ದವು. ಊಟದ ಹೊತ್ತಿಗೆ ನೀರಿಗಿಳಿದವು ಮಾತ್ರೆಗೆಂದು ಮೀಸಲಿಟ್ಟವು. ಪೂರ್ತಿ ಸೋಲುವ ಮೊದಲೇ ಅವನ್ನು ಒಂದು ಕೈ ಎತ್ತಿತ್ತು. ಮರುದಿನ ಅವು ಈಜಿದ್ದು ಆ ಕೈಯ ಋಣದಿಂದ, ಮಾತ್ರೆಯಿಂದಲ್ಲ.

ಗೈಡು ಬಾಯಿಗೆ ಬಂದಂತೆ ಬೈದರು. ಕೆಂಪಸಿದ್ದಯ್ಯ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಕೇಳಿದ.

"ಅಂಗಾರೆ ಆ ಮಾತ್ರೆ ಏನೂ ಮಾಡ್ನಿಲ್ವಾ ಸಾ?"

ನಿನಗ್ಯಾಕೆ ಅದು, ಗೂಡು ತೊಳೆಯೋಗು ಎಂದರು ಗೈಡು. ಆ ಮನುಷ್ಯನ ಕೆನ್ನೆಗೆ ಬಾರಿಸಬೇಕೆಂದು ಇವತ್ತಿಗೂ ನನ್ನ ಕೈ ತುರಿಸುತ್ತದೆ.

ಹೊರಗೆ ಬಂದು ಕೆಂಪಸಿದ್ದಯ್ಯ ನನ್ನ ಹತ್ತಿರ ಎಲ್ಲ ಹೇಳಿದ. ಮರುದಿನ ಮೀನಾಕ್ಷಮ್ಮನನ್ನು ಇಬ್ಬರೂ ಮಂಡ್ಯಕ್ಕೆ ಕರೆದೊಯ್ದೆವು. ತಾವು ಮಾತ್ರೆ ಬದಲಾಯಿಸಿಯೇ ಇಲ್ಲ ಎಂದು ಡಾಕ್ಟರು ಅವಳೆದುರೇ ಹೇಳಿದರು. ಮತ್ತೆ ಮೊದಲಿನಿಂದ ಶುರು ಮಾಡಬೇಕೆಂದರು.

ಈಗ ಅವಳು ಗಂಡನ ಕೈಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ, ತುಟಿ ಬಿಗಿದುಬಿಡುತ್ತಾಳೆ. ಪಕ್ಕದ ಮನೆಯ ಮಂಚಮ್ಮ ಬಂದು ಕೊಡಬೇಕು. ಮೊನ್ನೆ ನಾನು ಹೋದಾಗ ಕೆಂಪಸಿದ್ದಯ್ಯ ಬಾಗಿಲಾಚೆ ನಿಂತಿದ್ದ. ಒಳಗಿನಿಂದ ಮೀನಾಕ್ಷಮ್ಮನ ದನಿ ಕೇಳಿತು. ಎಷ್ಟೋ ದಿನಗಳ ಮೇಲೆ ಅವಳು ಬಾಯಿ ಬಿಟ್ಟಿದ್ದಳು.

"ಇದು ಡಾಕ್ಟ್ರು ಕೊಟ್ಟಿದ್ದಾ ಮಂಚವ್ವ, ಇಲ್ಲ ಇವ್ರು ಕೊಟ್ಟಿದ್ದಾ?"