ಬಾಗಿಲ ಹಿಂದಿನ ಸನ್ಯಾಸಿನಿ

ಚಿತ್ರ ಶುರುವಾಗುವ ಮೊದಲು ಟೆರೇಸಾ ನನ್ನ ಸೆರಗಿನ ತುದಿಯಲ್ಲೇ ಕನ್ನಡಕ ಒರೆಸಿಕೊಂಡರು. ಸ್ಯಾನ್ ಡಿಯಾಗೋದಿಂದ ಎರಡು ಗಂಟೆ ದಾರಿಯ ಟೊರೆನ್ಸ್ ಊರಿನಲ್ಲಿ ನಾನು ಇಳಿದುಕೊಂಡಿರುವುದು ಡಾಕ್ಟರ್ ಸರೋಜಕ್ಕನ ಮನೆಯಲ್ಲಿ. ಟೆರೇಸಾ ಸರೋಜಕ್ಕನ ಆಸ್ಪತ್ರೆಯಲ್ಲೇ ನರ್ಸ್, ಪಕ್ಕದ ಮನೆಯವರು. ಊರು ಮನಿಲಾ. ಹರೆಯದಲ್ಲಿ ಒಂದೇ ಒಂದು ಚಿತ್ರದಲ್ಲಿ, ಮಠ ಬಿಟ್ಟು ಓಡಿಹೋಗುವ ಸನ್ಯಾಸಿನಿಯಾಗಿ ನಟಿಸಿದ್ದರು. ಪಾದ್ರಿಗಳು ಆಕ್ಷೇಪಿಸಿದ್ದರಿಂದ ಅಲ್ಲಿನ ಸೆನ್ಸಾರ್ ಅವರ ದೃಶ್ಯವನ್ನೇ ತೆಗೆಸಿಹಾಕಿತ್ತು. ಸ್ಯಾನ್ ಡಿಯಾಗೋದ ಯೂನಿವರ್ಸಿಟಿಯಲ್ಲಾದರೂ ಪೂರ್ತಿ ಚಿತ್ರ ತೋರಿಸುತ್ತಾರೆಂದು ನಂಬಿ, ಮಗಳು ಆನಾಳ ಜೊತೆ ನನ್ನನ್ನೂ ಸರೋಜಕ್ಕನನ್ನೂ ಕಾರಿನಲ್ಲಿ ಕರೆತಂದಿದ್ದರು.

ಪರದೆಯ ಮೇಲೆ ಮಠದ ಬಾಗಿಲು ತೆರೆಯಿತು. ಮರುಕ್ಷಣವೇ ಮೀನು ಮಾರುಕಟ್ಟೆ ಬಂತು. ಇಲ್ಲಿ ತಡೆಯುವವರು ಯಾರೂ ಇರಲಿಲ್ಲ, ಆದರೆ ಮನಿಲಾದಿಂದ ಬಂದದ್ದು ಕತ್ತರಿಸಿದ ಪ್ರತಿಯೇ.

"ಮಾಮ್, ನೀನು ಎಲ್ಲಿದ್ದೆ?" ಎಂದು ಆನಾ ಇಂಗ್ಲಿಷಿನಲ್ಲಿ ಕೇಳಿದಳು.

"ಬಾಗಿಲು ತೆರೆಯಿತಲ್ಲ, ಅದರ ಹಿಂದೆ."

ವಾಪಸು ಬರುವಾಗ ಸರೋಜಕ್ಕ ನನಗೆ ಕನ್ನಡದಲ್ಲಿ, "ನಮ್ಮಲ್ಲೇನು ಕಮ್ಮೀನೇ? ಮುತ್ತು ಕೊಡೋ ಹೊತ್ತಿಗೆ ಎರಡು ಹೂವು ತೋರಿಸ್ತಾರೆ," ಎಂದರು. ನಾನು ನಕ್ಕೆ. ಏನೂ ಅರ್ಥವಾಗದ ಟೆರೇಸಾ ಕೂಡ ಸೌಜನ್ಯಕ್ಕೆ ನಕ್ಕರು. ನನ್ನ ನಗು ಅಲ್ಲಿಗೇ ನಿಂತಿತು.

"ಆದರೂ ನಾಳೆ ಚರ್ಚಿಗೆ ಹೋಗ್ತೀಯಾ?" ಆನಾ ಹಿಂದಿನ ಸೀಟಿನಿಂದ ಅಮ್ಮನನ್ನು ಕೇಳಿದಳು.

"ಹೋಗ್ತೀನಿ. ಕತ್ತರಿಸಿದ್ದು ಪಾದ್ರಿಗಳು, ದೇವರಲ್ಲ."

"ಹಾಗಾದ್ರೆ ಒಬ್ಬಳೇ ಹೋಗು."

ಮರುದಿನ ಬೆಳಿಗ್ಗೆ ಆನಾ ನಿಜವಾಗಿಯೂ ಹೊರಡಲಿಲ್ಲ. ಕರೆಯದಿದ್ದರೂ ನಾನು ಟೆರೇಸಾ ಅವರ ಕಾರು ಹತ್ತಿದೆ. ಅವರು ಮಂಡಿಯೂರಿ ಪ್ರಾರ್ಥಿಸುವಾಗ, ಮಗಳು ಕೂರುವ ಜಾಗದಲ್ಲಿ ಅವರ ಕೈಚೀಲ ಹಿಡಿದುಕೊಂಡು ಕುಳಿತೆ.