ಶರಣಪ್ಪನಿಗೆ ಜ್ವರ ಬಂದಿರಲಿಲ್ಲ

ರಾಯಚೂರಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿ ಹಿಡಿದು ಯಾದಗಿರಿಯಲ್ಲಿ ಇಳಿದಾಗ ಬಿಸಿಲು ಆಗಲೇ ಏರಿತ್ತು. ಹೊಸ ರಾಜ್ಯವಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಸ್ಟೇಷನ್ನಿನ ಹೊರಗಿನ ಅಂಗಡಿಗಳವರು ಉರ್ದು ಬೋರ್ಡಿನ ಮೇಲೆ ಸುಣ್ಣ ಬಳಿದು ಕನ್ನಡದಲ್ಲಿ ಹೆಸರು ಬರೆಸಿದ್ದರು. ಸುಣ್ಣ ತೆಳುವಾಗಿತ್ತು, ಹಳೆಯ ಅಕ್ಷರಗಳು ಅಡಿಯಿಂದ ಕಾಣುತ್ತಲೇ ಇದ್ದವು.

ನಾನು ಹೊರಟಿದ್ದು ನನ್ನ ತವರೂರು ಸುರಪುರಕ್ಕೆ. ಅಲ್ಲಿ ವಾಚನಾಲಯದಲ್ಲಿ ನನ್ನ ತಮ್ಮ ಶರಣಪ್ಪನ ಫೋಟೋ ಅನಾವರಣವಿತ್ತು. ಅವನು ಸಾರಂಗಿ ನುಡಿಸುತ್ತಿದ್ದ. ಬದುಕಿದ್ದಾಗ ಅವನ ಮುಖ ನೋಡಲೊಲ್ಲದ ಊರು, ಸತ್ತು ಆರು ವರ್ಷಕ್ಕೆ ಆ ಮುಖಕ್ಕೆ ಚೌಕಟ್ಟು ಹಾಕಿಸಿತ್ತು. ಆಮಂತ್ರಣದಲ್ಲಿ 'ಜ್ವರದಿಂದ ಅಕಾಲ ಮರಣಕ್ಕೆ ಈಡಾದ ನಮ್ಮೂರಿನ ರತ್ನ' ಎಂದು ಅಚ್ಚು ಹಾಕಿದ್ದರು. ಅದನ್ನು ಓದಿದ ಮೇಲೆ ಹೋಗಲೇಬೇಕು ಅನಿಸಿತು. ನಮ್ಮ ಮನೆಯವರು ಜೊತೆಗೆ ಬರಲಿಲ್ಲ. "ಸತ್ತವನ ಸನ್ಮಾನಕ್ಕ ನಾ ಯಾಕ ರಜಾ ಹಾಕ್ಲಿ?" ಅಂದರು.

ಮಂಡಕ್ಕಿ ಸೂಸಲಾ, ಮಿರ್ಚಿ ತಿಂದು ಶಹಾಪುರದ ಬಸ್ಸು ಹತ್ತಿದೆ. ಇಪ್ಪತ್ತು ಮೈಲಿ ದಾರಿ, ಹನ್ನೆರಡಾಣೆ ಚಾರ್ಜು. "ಹಾಲಿ ರೊಕ್ಕ ಬ್ಯಾಡ್ರಿ ಬಾಯಾರ, ನಿಜಾಮಂದು ಮುಗೀತು," ಎಂದು ಕಂಡಕ್ಟರು ನನ್ನ ಹಳೆಯ ಹೈದರಾಬಾದ್ ನಾಣ್ಯ ಹಿಂದಕ್ಕೆ ಕೊಟ್ಟ. ಭೀಮಾ ದಾಟಿದ ಮೇಲೆ ಪಕ್ಕದಲ್ಲಿದ್ದ ಹೆಂಗಸು ಕೇಳಿದಳು: "ಎಲ್ಲಿಗ್ರಿ?"

"ಸುರಪುರಕ್ಕ. ತಮ್ಮನ ಕಾರ್ಯಕ್ರಮ ಅದ."

"ಲಗ್ನೇನ್ರಿ?"

"ಅಲ್ಲ," ಅಂದು ಕಿಟಕಿಯ ಕಡೆ ತಿರುಗಿದೆ.

ದೋರನಹಳ್ಳಿಯಲ್ಲಿ ಆಕೆ ಇಳಿದು ಹೋದಳು. ಅಲ್ಲಿಂದ ಮುಂದೆ ಸೀಟಿನಲ್ಲಿ ನಾನೊಬ್ಬಳೇ. ತೊಗರಿಯ ಹೊಲಗಳ ಮೇಲೆ ಬಿಸಿಗಾಳಿ ಬೀಸುತ್ತಿತ್ತು. ಶರಣಪ್ಪನಿಗೆ ಸಾರಂಗಿ ಕಲಿಸಿದವರು ನಮ್ಮ ಓಣಿಯ ಹಿಂದಿದ್ದ ಉಸ್ತಾದ್ ಖಾದರಸಾಬರು. ಹತ್ತು ವರ್ಷದವನಿದ್ದಾಗಿನಿಂದ ಅವರ ಪಡಸಾಲೆಯಲ್ಲೇ ಬೆಳೆದ. ಪ್ರತಿ ಸೋಮವಾರ ನೆರೆಮನೆಯ ಗುರಪ್ಪ ಶೆಟ್ಟರಲ್ಲಿ ಭಜನೆಯಾದರೆ ಗುರು-ಶಿಷ್ಯರಿಬ್ಬರೂ ಹೋಗಿ ನುಡಿಸುತ್ತಿದ್ದರು. ಆಗ ಯಾರಿಗೂ ಮೈಲಿಗೆ ಅನಿಸಿರಲಿಲ್ಲ.

ನಂತರ ನಿಜಾಮನ ಪರ ಬಡಿಗೆ ಹಿಡಿದ ರಜಾಕಾರರ ಕಾಲ ಬಂತು. ಶೆಟ್ಟರ ಅಣ್ಣನ ಮಗನ ಕೈ ಮುರಿದರು. ಶೆಟ್ಟರ ಸಿಟ್ಟು ಸುಳ್ಳಲ್ಲ. ಆದರೆ ಮಿಲಿಟರಿ ಬಂದು ನಿಜಾಮನ ಆಳ್ವಿಕೆ ಮುಗಿದಾಗ ಆ ಸಿಟ್ಟು ತಿರುಗಿದ್ದು, ಯಾರ ಗೊಡವೆಗೂ ಹೋಗದ ಉಸ್ತಾದರ ಮನೆಯ ಮೇಲೆ. ಬಾಗಿಲು ಮುರಿದು ಪಾತ್ರೆ-ಪಡಗ ಬೀದಿಗೆ ಎಸೆದರು. ಶರಣಪ್ಪ ಅವರ ಮನೆಮಂದಿಯನ್ನೆಲ್ಲ ಬಂಡಿ ಹತ್ತಿಸಿ, ಹಾಡಹಗಲು, ಎಲ್ಲರ ಕಣ್ಣೆದುರು ಊರ ಹೊರಗಿನವರೆಗೆ ನಡೆದುಕೊಂಡು ಹೋದ. ಅಂದಿನಿಂದ ಅವನು ಊರಿಗೆ ರಜಾಕಾರನಾದ. ಸೋಮವಾರದ ಭಜನೆಗೆ ಹೋದರೆ ಶೆಟ್ಟರು ಹೊಸ್ತಿಲಲ್ಲೇ ನಿಂತು, "ಇಲ್ಲಿ ಜಾಗಿಲ್ಲ" ಅಂದರು. ಲಗ್ನಗಳಿಗೆ ಕರೆಯುವುದು ನಿಂತಿತು. ಎರಡು ವರ್ಷ ಹೀಗೆ ಕಳೆದ. ಆಮೇಲೆ ತನ್ನ ಜೀವ ತಾನೇ ತೆಗೆದುಕೊಂಡ.

ಬಸ್ಸಿನಲ್ಲಿ ನನಗೆ ಅವನ ಮೇಲೂ ಸಿಟ್ಟು ಬಂತು. ರಾಯಚೂರು ಎಷ್ಟು ದೂರವಿತ್ತು? ನನ್ನ ಮನೆಗೆ ಬಂದು ಅಕ್ಕಾ, ಇನ್ನು ತಾಳಲಾರೆ ಎಂದು ಒಂದು ಮಾತು ಹೇಳಿದ್ದರೆ? ನಮ್ಮ ಬಾಗಿಲನ್ನು ಯಾರೂ ಹಾಕಿರಲಿಲ್ಲ. ಅವನು ಅದನ್ನು ತಟ್ಟಲೇ ಇಲ್ಲ.

ಶಹಾಪುರದಲ್ಲಿ ಬಸ್ಸು ಬದಲಿಸಿ ಸುರಪುರ ಮುಟ್ಟುವಾಗ ಮಧ್ಯಾಹ್ನ ಕಳೆದಿತ್ತು. ವಾಚನಾಲಯಕ್ಕೆ ತೋರಣ ಕಟ್ಟಿದ್ದರು. ಸಮಿತಿಯ ಅಧ್ಯಕ್ಷರು ಬೇರೆ ಯಾರೂ ಅಲ್ಲ, ಗುರಪ್ಪ ಶೆಟ್ಟರೇ. ಖಾದಿ ಟೋಪಿ ಹಾಕಿ ಬಾಗಿಲಲ್ಲಿ ನಿಂತಿದ್ದರು.

"ಬಾರವ್ವ ಪಾರ್ವತಿ. ಎರಡು ಮಾತು ಆಡ್ತೀಯಲ್ಲ? ಹುಡುಗ ಸಣ್ಣಾಂವಿದ್ದಾಗ ಹೆಂಗ ಬಾರಿಸ್ತಿದ್ದ ಅದು ಹೇಳು. ಆ ಸಾಬರ ವಿಷಯ ತೆಗಿಬ್ಯಾಡ. ದೈವದತ್ತ ವಿದ್ಯಾ ಅಂತ ನಾವು ಬರಸೀವಿ. ಹೋದ ರೀತೀನೂ ಬ್ಯಾಡ. ಊರ ಮರ್ಯಾದಿ ಅದ."

"ಯಾವ ಊರಿನ ಮರ್ಯಾದಿರಿ?" ಅಂದೆ. ಅವರಿಗೆ ಕೇಳಿಸಿತೋ ಇಲ್ಲವೋ, ಇನ್ನಾರಿಗೋ ಕೈಮುಗಿಯಲು ಹೋದರು.

ಫೋಟೋದಲ್ಲಿ ಶರಣಪ್ಪನ ತಲೆಗೆ ಬಣ್ಣದಿಂದ ಜರಿಯ ರುಮಾಲು ಬರೆದಿದ್ದರು. ಅವನು ಬದುಕಿನಲ್ಲಿ ಒಮ್ಮೆಯೂ ರುಮಾಲು ಸುತ್ತಿದವನಲ್ಲ. ಶೆಟ್ಟರು ಅರ್ಧ ತಾಸು ಮಾತಾಡಿದರು. ತಮ್ಮ ಮನೆಯ ಭಜನೆಯಲ್ಲೇ ಈ ಪ್ರತಿಭೆ ಅರಳಿತು ಎಂದಾಗ ಜನ ಚಪ್ಪಾಳೆ ತಟ್ಟಿದರು. ನನ್ನ ಸರದಿ ಬಂತು. ಎದ್ದು ಹೋಗಿ ಫೋಟೋದ ಪಕ್ಕ ನಿಂತೆ.

"ಶರಣಪ್ಪಗ ವಿದ್ಯಾ ದೇವರು ಕೊಟ್ಟಿದ್ದಲ್ಲ, ಖಾದರಸಾಬರು ಕೊಟ್ಟಿದ್ದು. ಅವರನ್ನ ಕಳಿಸಿ ಬಂದಿದ್ದಕ್ಕ ನೀವೆಲ್ಲ ಅವನಿಗಿ ಬಾಗಿಲು ಹಾಕಿದ್ರಿ. ನನ್ನ ತಮ್ಮಗ ಜ್ವರ ಬಂದಿದ್ದಿಲ್ಲ. ಅವನು ಜೀವ ತಕ್ಕೊಂಡ. ಹಾಕೋದಾದ್ರ ಅದನ್ನೂ ಆ ಫೋಟೋದ ಕೆಳಗ ಹಾಕ್ರಿ."

ಹಿಂದಿನ ಸಾಲಿನಿಂದ ಯಾರೋ "ಸಾಕು, ಕುಂದ್ರಬೇ" ಅಂದರು. ಶೆಟ್ಟರು ಎದ್ದು, "ಒಡಹುಟ್ಟಿದಾಕಿ, ಸಂಕಟಕ್ಕ ಏನೋ ಅಂದಾಳ. ಯಾರೂ ಮನಸ್ಸಿಗಿ ಹಚ್ಕೋಬ್ಯಾಡ್ರಿ," ಎಂದು ಮಂಗಳಾರತಿಗೆ ಸನ್ನೆ ಮಾಡಿದರು. ಅಷ್ಟೇ. ಆಮೇಲೆ ಚಹಾ ಬಂತು, ಚೂಡಾ ಬಂತು. ಎಲ್ಲರೂ ತಿಂದರು. ನಾನು ಕಲ್ಲು ಎಸೆದೆ ಎಂದುಕೊಂಡಿದ್ದೆ, ಅದು ಕೆಸರಿನಲ್ಲಿ ಬಿದ್ದಿತ್ತು.

ಆ ರಾತ್ರಿ ಬಾಲ್ಯದ ಗೆಳತಿ ನೀಲಮ್ಮನ ಮನೆಯಲ್ಲಿ ಉಳಿದೆ. ಸಭೆಯಲ್ಲಿ ಅವಳು ತಲೆ ಬಗ್ಗಿಸಿ ಕೂತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಗಂಡ ಹೊರಗೆ ಹೋದದ್ದು ನೋಡಿಕೊಂಡು ಹೇಳಿದಳು: "ಖರೇನ ಹೇಳಿದಿ. ಉಸ್ತಾದರು ಎಲ್ಲಾರೂ ಅನ್ನೋಹಂಗ ಹೈದರಾಬಾದಿಗಿ ಹೋಗಿಲ್ಲ ಪಾರ್ವತಿ. ಶಹಾಪುರದಾಗ ಅದಾರ, ಮಗಳ ಮನ್ಯಾಗ."

ಶಹಾಪುರದಲ್ಲಿ ಬಸ್ಸಿಳಿದು ವಿಚಾರಿಸಿದೆ. ರಸ್ತೆಗೆ ಹತ್ತಿಕೊಂಡ ಸಣ್ಣ ಮನೆ. ಉಸ್ತಾದರು ಬಾಗಿಲ ಬಳಿ ನಾರಿನ ಹೊರಸಿನ ಮೇಲೆ ಕೂತಿದ್ದರು. ಗುರುತು ಹತ್ತಲು ಹೊತ್ತು ಹಿಡಿಯಿತು. ಹತ್ತಿದ ಮೇಲೆ ನನ್ನ ಕೈ ಬಿಡಲಿಲ್ಲ.

"ಇವತ್ತ ಬರ್ತಾನ ನಾಳೆ ಬರ್ತಾನ ಅಂತ ಇದ ಹೊರಸಿನ ಮ್ಯಾಲ ಕೂತು ರಸ್ತಾ ನೋಡಿದೆ, ಬೇಟಿ. ಆಮ್ಯಾಲ ಜ್ವರದಾಗ ಹೋದ ಅಂತ ಸುದ್ದಿ ಬಂತು. ಭಾಳ ನರಳಿದನೇನು?"

ಹಿಂದಿನ ದಿನದ ಕಾವು ನನ್ನಲ್ಲಿ ಇನ್ನೂ ಆರಿರಲಿಲ್ಲ. ಇವರಿಗೆ ಸುಳ್ಳು ಹೇಳಲಾರೆ ಎಂದುಕೊಂಡೆ. ಇದ್ದದ್ದು ಇದ್ದಂತೆ ಹೇಳಿದೆ, ಸಭೆಯಲ್ಲಿ ಅಂದದ್ದನ್ನೂ ಹೇಳಿದೆ. ಅವರು ನನ್ನ ಕೈ ಬಿಟ್ಟರು.

"ನಮ್ಮನ್ನ ಬಂಡಿ ಹತ್ತಿಸಿದ್ದಕ್ಕಾ?"

"ಅಲ್ರಿ, ನಿಮ್ಮಿಂದ ಅಲ್ಲ. ಅವನ ಮನಸಿನ್ಯಾಗ ಏನೇನಿತ್ತೋ ಯಾರಿಗಿ ಗೊತ್ತದ?" ಅಂದೆ. ನನ್ನ ಮಾತು ನನಗೇ ಪೊಳ್ಳೆನಿಸಿತು.

ಒಳಗಿಂದ ಮಗಳು ಚಹಾ ತಂದಿಟ್ಟು ಹೋದಳು. ಅವರು ಮುಟ್ಟಲಿಲ್ಲ. ರಸ್ತೆಯ ಕಡೆ ನೋಡುತ್ತ ಅಂದರು:

"ಅವರಿಗಿ ಹೇಳಿದ್ದು ಛಲೋ ಮಾಡಿದಿ. ನನಗ ಜ್ವರ ಅಂತನ ಬಿಡಬೇಕಿತ್ತು, ಬೇಟಿ."

ಯಾದಗಿರಿಯ ಬಸ್ಸು ಬಂತು. ಕೈಮುಗಿದು ಹತ್ತಿದೆ. ಬಸ್ಸು ಹೊರಟಾಗ ತಿರುಗಿ ನೋಡಿದೆ. ಅವರು ಎದ್ದು ಹೊರಸನ್ನು ಎಳೆದುಕೊಂಡು, ಬಾಗಿಲ ಬಳಿಯಿಂದ ಮನೆಯೊಳಗೆ ಹೋಗುತ್ತಿದ್ದರು.