ನಾನು ಗೆದ್ದ ಗಡ್ಡದ ವಾದ

“ಸತ್ತ ಮೇಲೂ ಗಡ್ಡ ಬೆಳೆಯುತ್ತೆ. ನಾನೇ ಕಣ್ಣಾರೆ ನೋಡಿದ್ದೀನಿ.”

ಎಲ್ಲರೂ ನಂಬುವ ತಪ್ಪು ಸಂಗತಿಗಳ ಬಗ್ಗೆ ನಮ್ಮ ಈ ಆನ್‌ಲೈನ್ ಗುಂಪಿನಲ್ಲಿ ಚರ್ಚೆ ನಡೆಯುತ್ತಿತ್ತಲ್ಲ, ಅಲ್ಲಿ ‘ಸಂಪಿಗೆ’ ಎಂಬ ಹೆಸರಿನವರು ಹೀಗೆ ಬರೆದಿದ್ದರು. ಕಾಶಿಯ ಭೇಲೂಪುರದ ಸ್ಕೂಲಿನಲ್ಲಿ ಬಯಾಲಜಿ ಕಲಿಸುವ ನಾನು ಸುಮ್ಮನಿರುತ್ತೇನೆಯೇ?

ರಕ್ತ ಹರಿಯುವುದು ನಿಂತ ಮೇಲೆ ಕೂದಲಾಗಲಿ ಉಗುರಾಗಲಿ ಬೆಳೆಯುವುದಿಲ್ಲ, ಚರ್ಮ ಒಣಗಿ ಹಿಂದಕ್ಕೆ ಸರಿಯುತ್ತದೆ, ಒಳಗಿದ್ದ ಕೂದಲು ಹೊರಗೆ ಕಾಣುತ್ತದೆ, ಅಷ್ಟೇ ಎಂದು ಬರೆದೆ.

ಸಂಪಿಗೆ ಬಿಡಲಿಲ್ಲ. ಎಲ್ಲರಿಗೂ ಹಾಗೇ ಆಗುತ್ತಾ? ಒಂದೂವರೆ ದಿನದಲ್ಲೇ ಕಾಣುತ್ತಾ? ನಿಮಗೆ ಗ್ಯಾರಂಟಿಯಾಗಿ ಗೊತ್ತಾ?

ಮೂರು ಸಲ ಉತ್ತರಿಸಿದೆ. ನಾಲ್ಕನೆಯ ಸಲ ತಾಳ್ಮೆ ಕೆಟ್ಟು, “ಹಾಗಾದ್ರೆ ಸ್ಮಶಾನಕ್ಕೂ ಒಬ್ಬ ಹಜಾಮನನ್ನ ಕಳಿಸೋಣ ಬಿಡಿ” ಎಂದು ಬರೆದುಬಿಟ್ಟೆ.

ನಿಮ್ಮಲ್ಲಿ ಎಷ್ಟೋ ಜನ ಚಪ್ಪಾಳೆ ತಟ್ಟಿದಿರಿ. ಸಂಪಿಗೆ ಮತ್ತೆ ಬರೆಯಲಿಲ್ಲ. ಗೆದ್ದೆ ಅಂದುಕೊಂಡೆ.

ಎರಡು ವಾರದ ನಂತರ ಅದೇ ಸಂಪಿಗೆಯಿಂದ ನನಗೊಂದು ಮೆಸೇಜ್.

ನೀವು ಕಾಶಿಯಲ್ಲಿರುವುದು ಪ್ರೊಫೈಲಿನಲ್ಲಿ ನೋಡಿದೆ, ಅಪ್ಪನ ಅಸ್ಥಿ ತರುತ್ತಿದ್ದೇವೆ, ಕನ್ನಡ ಮಾತಾಡುವ ಪುರೋಹಿತರು ಯಾರಾದರೂ ಗೊತ್ತೇ ಎಂದು ಕೇಳಿದ್ದರು.

ಕರ್ನಾಟಕದಿಂದ ಬರುವವರಿಗೆ ಕರ್ಮ ಮಾಡಿಸುವುದೇ ನಮ್ಮ ಮಾವನವರ ಕೆಲಸ. ನಮ್ಮ ಮನೆಗೇ ಬನ್ನಿ ಎಂದು ಬರೆದೆ. ಆ ಹಜಾಮನ ಮಾತಿನ ಬಗ್ಗೆ ಏನೂ ಬರೆಯಲಿಲ್ಲ... ಧೈರ್ಯ ಬರಲಿಲ್ಲ.

ಚಿತ್ರದುರ್ಗದ ಕಡೆಯವರು. ಶೋಭಾ ಅಂತಿಟ್ಟುಕೊಳ್ಳಿ, ನಿಜವಾದ ಹೆಸರು ಬೇಡ. ಜೊತೆಗೆ ತಮ್ಮ, ಗುವಾಹಟಿಯಲ್ಲಿ ಕೆಲಸ. ಗೋದೌಲಿಯಾದಲ್ಲಿ ರಿಕ್ಷಾ ಇಳಿದು ನಮ್ಮ ಗಲ್ಲಿ ಹುಡುಕಿಕೊಂಡು ಬಂದವರು ನನ್ನನ್ನು ನೋಡಿ, “ಬಯಾಲಜಿ ಮೇಡಂ ನೀವೇ ಅಲ್ವಾ?” ಎಂದು ನಕ್ಕರು. ಆ ನಗುವಿನಲ್ಲಿ ಕೋಪವಿರಲಿಲ್ಲ. ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮಾರನೆಯ ಬೆಳಿಗ್ಗೆ ಘಾಟಿಗೆ ಹೋದೆವು. ಮೊದಲು ತಮ್ಮನಿಗೆ ಮುಂಡನ. ಮಾವನವರು ದರ್ಭೆ, ಎಳ್ಳು ಜೋಡಿಸುತ್ತಿದ್ದರು. ಶೋಭಾ ಮತ್ತು ನಾನು ಮೇಲಿನ ಮೆಟ್ಟಿಲಿನಲ್ಲಿ ಕೂತಿದ್ದೆವು. ಬಿಳಿ ಬಟ್ಟೆ ಕಟ್ಟಿದ ಗಡಿಗೆ ಅವರ ಮಡಿಲಲ್ಲಿತ್ತು.

“ಕೊಡಮ್ಮ ಇಲ್ಲಿ,” ಎಂದರು ಮಾವ.

ಶೋಭಾ ಕೊಡಲಿಲ್ಲ. ನನ್ನ ಕಡೆ ತಿರುಗಿದರು.

“ಮೇಡಂ, ಇನ್ನೊಂದೇ ಒಂದ್ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮಗೆ ಗ್ಯಾರಂಟಿಯಾಗಿ ಗೊತ್ತಾ?”

ಆಮೇಲೆ ಹೇಳಿದರು. ಅಪ್ಪ ಎಂಟು ತಿಂಗಳು ಹಾಸಿಗೆ ಹಿಡಿದಿದ್ದರು. ದಿನಾ ಇವರೇ ಗಡ್ಡ ಕೆರೆಯುತ್ತಿದ್ದರು. ಕೊನೆಯ ದಿನ ಬೆಳಿಗ್ಗೆಯೂ ನುಣ್ಣಗೆ ಕೆರೆದಿದ್ದರು, ಮಧ್ಯಾಹ್ನ ಅಪ್ಪ ಹೋದರು. ಮಗ ಬರುವವರೆಗೆ ಐಸ್ ಮೇಲೆ ಮಲಗಿಸಿದ್ದರು.

ಬಂದ ತಮ್ಮ ಅಪ್ಪನ ಕೆನ್ನೆ ಸವರಿ, “ಕ್ಷೌರಾನಾದ್ರೂ ಮಾಡ್ಬಾರ್ದಿತ್ತಾ ಅಕ್ಕಾ?” ಎಂದನಂತೆ.

ಇವರೂ ಮುಟ್ಟಿ ನೋಡಿದ್ದಾರೆ. ಗಡ್ಡ ಇತ್ತು. ಒಂದು ಗಂಟೆಯಲ್ಲಿ ಚಿತೆಗೆ ಬೆಂಕಿ ಇಟ್ಟಾಗಿತ್ತು.

“ಬೆಳೆದಿದೆ ಅಂದ್ರೆ ಜೀವ ಇತ್ತು ಅಂತ ತಾನೇ? ಜೀವ ಇದ್ದೋರನ್ನ ಸುಟ್ಟುಬಿಟ್ವಾ ಅಂತ... ಡಾಕ್ಟರು ನೋಡಿ ಹೇಳಿದ್ರು, ಆದ್ರೂ ಮನಸ್ಸು ಕೇಳಲ್ಲ. ತಮ್ಮನಿಗೆ ಹೇಳಿಲ್ಲ. ಯಾರಾದ್ರೂ ತಿಳಿದೋರು ಗಟ್ಟಿಯಾಗಿ ‘ಇಲ್ಲ’ ಅನ್ಲಿ ಅಂತಾನೇ ಅಲ್ಲಿ ಬರ್ದೆ. ನೀವು ‘ಇಲ್ಲ’ ಅಂದಾಗೆಲ್ಲ ಸ್ವಲ್ಪ ಹಗುರಾಗೋದು. ಅದಕ್ಕೇ ಮತ್ತೆ ಮತ್ತೆ ಕೇಳ್ತಿದ್ದೆ.”

ನಾನು ಅದನ್ನು ಹಟ ಅಂದುಕೊಂಡಿದ್ದೆ.

ಅವರ ಕೈ ಹಿಡಿದು ಹೆಬ್ಬೆರಳಿನ ತುದಿಯ ಚರ್ಮವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದೆ. ಉಗುರು ಒಂದಿಷ್ಟು ಉದ್ದವಾದಂತೆ ಕಂಡಿತು. “ನೋಡಿ, ಈಗ ಬೆಳೀತಾ?” ಎಂದೆ.

ಅವರು ತಾವೇ ಒತ್ತಿ ನೋಡಿದರು. ಬಿಟ್ಟರು. ಮತ್ತೆ ಒತ್ತಿದರು. ಒಂದೊಂದೇ ಬೆರಳು, ಹತ್ತೂ ಬೆರಳು.

ಮಾವನವರು ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ದರ್ಭೆ ಕೆಳಗಿಟ್ಟು, “ತಾಯಿ, ನಲವತ್ತು ವರ್ಷ ಆಯ್ತು ನಾನು ಮಣಿಕರ್ಣಿಕೆ ಸ್ಮಶಾನಕ್ಕೆ ಓಡಾಡ್ತಾ. ದೂರದಿಂದ ತಂದ ಎಷ್ಟು ಜನರ ಮುಖ ನೋಡಿಲ್ಲ? ಎಲ್ಲರಿಗೂ ಹಾಗೇ. ಒಣಗಿದ ಮೇಲೆ ಗಡ್ಡ ಈಚೆಗೆ ಕಾಣತ್ತೆ. ನಿಮ್ಮಪ್ಪ ನೀನು ಕೆರೆದ ಹಾಗೇ ನುಣ್ಣಗೇ ಹೋದ್ರು,” ಎಂದರು.

ಆಮೇಲೆ ನನ್ನ ಕಡೆ ನೋಡಿ, “ನಮ್ಮ ಸೊಸೆ ಇಂಗ್ಲಿಷಿನಲ್ಲಿ ಓದಿದ್ದನ್ನ ನಾನು ಪಾನ್ ಜಗೀತಾ ಕಲಿತೆ,” ಎಂದರು.

ಶೋಭಾ ಅಳುತ್ತಲೇ ನಕ್ಕರು. ಗಡಿಗೆ ಕೊಟ್ಟರು.

ದೋಣಿಯಲ್ಲಿ ಅಸ್ಥಿ ಬಿಡುವಾಗ ತಮ್ಮನ ಮೊಣಕೈ ಹಿಡಿದುಕೊಂಡಿದ್ದರು. ಮರಳಿ ಬರುವಾಗ ಅವನಿಗೆ ಎಲ್ಲ ಹೇಳಿದರು. ಅವನು ನೀರು ನೋಡುತ್ತಾ, “ನಾನು ಹಾಗಂದಿದ್ದೇ ನೆನಪಿಲ್ಲ ಅಕ್ಕಾ,” ಎಂದ.

ಅವರು ಅವನ ಬೋಳು ತಲೆ ಸವರಿ, “ನಾಳೆಗೇ ಮುಳ್ಳು ಮುಳ್ಳಾಗುತ್ತೆ ನೋಡು,” ಎಂದರು.

“ಆಗ್ಲಿ ಬಿಡಕ್ಕ. ನಾನು ಬದುಕಿದ್ದೀನಲ್ಲ.”

ದೋಣಿಯವನಿಗೆ ಒಂದಕ್ಷರ ಕನ್ನಡ ಬಾರದು. ಆದರೂ ಹುಟ್ಟು ಹಾಕುವುದನ್ನು ನಿಲ್ಲಿಸಿ, ನಮ್ಮ ಜೊತೆ ಅವನೂ ನಕ್ಕ.

ಶೋಭಾ ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಆ ಚರ್ಚೆಗೆ ಹೋಗಿ ಹಜಾಮನ ಸಾಲನ್ನು ಅಳಿಸಿದ್ದೇನೆ. ಉಳಿದ ಉತ್ತರ ಅಲ್ಲೇ ಇದೆ, ಅದು ಸರಿಯಾಗಿಯೇ ಇತ್ತು. ಕ್ಷಮೆ ಕೇಳಿದಾಗ ಶೋಭಾ, “ನೀವು ಸರಿ ಇದ್ರಲ್ಲ, ನನಗೆ ಅಷ್ಟೇ ಬೇಕಿತ್ತು,” ಎಂದರು. ನನಗೆ ಮಾತ್ರ ಅಷ್ಟೇ ಸಾಕು ಅನ್ನಿಸುತ್ತಿಲ್ಲ.

ನೀವು ಗೆದ್ದ ವಾದಗಳಲ್ಲಿ, ಸೋಲಬೇಕೆಂದೇ ಬಂದವರು ಯಾರಾದರೂ ಇದ್ದಿರಬಹುದೇ?